ಎರೆನಾಡಿನ ಕಾರು ಮತ್ತು ಬ್ರೇಕಿನ ಡಿಸ್ಕು: ಮನೆಯಂಗಳದಲ್ಲಿ ಮಾಡಬಹುದಾದ ಒಂದು ಕೆಲಸ

ರೋಣ, ನರಗುಂದ ತಾಲೂಕುಗಳ ಎರೆಭೂಮಿಯಲ್ಲಿ ಮಳೆ ಬಿದ್ದ ಮರುದಿನ ಹೊಲದ ದಾರಿಯನ್ನು ತುಳಿದು ಬಂದ ಕಾರಿನ ಮುಂಗಾಲಿಯನ್ನು ಬಿಚ್ಚಿ ನೋಡಿದರೆ, ಬ್ರೇಕಿನ ಡಿಸ್ಕಿಗೂ ಅದರ ಹಿಂದಣ ತಗಡಿನ ಕವಚಕ್ಕೂ ನಡುವೆ ಮೆತ್ತಿಕೊಂಡಿರುವ ಕರಿಯ ರಾಡಿಯು, ಮೇಲೆ ಒಣಗಿದಂತೆ ತೋರಿದರೂ, ಒಳಗೆ ದಿನಗಟ್ಟಲೆ ತೇವವನ್ನು ಹಿಡಿದಿಟ್ಟುಕೊಂಡು ಬೀಡುಕಬ್ಬಿಣದ ಆ ಚಕ್ರವನ್ನು ಮೆಲ್ಲಮೆಲ್ಲನೆ ತಿನ್ನುತ್ತಿರುವುದು ಕಣ್ಣಿಗೆ ಬೀಳುತ್ತದೆ. ಬಿತ್ತನೆ, ರಾಶಿಗಳ ದಿನಗಳಲ್ಲಿ ವಾರಗಟ್ಟಲೆ ಕಾರು ನಿಂತಲ್ಲಿಯೇ ನಿಲ್ಲುವುದರಿಂದ ಈ ಕ್ಷಯವು ಇನ್ನಷ್ಟು ಬಲಗೊಳ್ಳುತ್ತದೆ. ಆದುದರಿಂದ ನಮ್ಮ ಕಡೆ ಡಿಸ್ಕಿನ ಆಯುಷ್ಯವನ್ನು ಕಾರು ಓಡಿದ ಕಿಲೋಮೀಟರುಗಳಿಂದ ಮಾತ್ರ ಎಣಿಸತಕ್ಕದ್ದಲ್ಲ. ಕಣ್ಣಿನಿಂದಲೇ ಪರೀಕ್ಷಿಸಿ ತಿಳಿಯಬೇಕು.

ಒಂದು ರಾತ್ರಿ ಇಬ್ಬನಿಯಲ್ಲಿ ನಿಂತ ಕಾರಿನ ಡಿಸ್ಕಿನ ಮೇಲೆ ಬೆಳಿಗ್ಗೆ ಕಾಣುವ ಕೆಂಪು ಜಂಗು ನಾಲ್ಕಾರು ಸಲ ಬ್ರೇಕು ಒತ್ತಿದೊಡನೆ ಅಳಿಸಿಹೋಗುವಂಥದು, ಅದಕ್ಕೆ ಹೆದರಬೇಕಾದುದಿಲ್ಲ. ಪ್ಯಾಡು ಉಜ್ಜುವ ಮೈಯಲ್ಲಿಯೇ ಕುಳಿ ಬಿದ್ದಿದ್ದರೆ, ಬೆರಳಿಗೆ ತಾಗುವಷ್ಟು ಆಳದ ಗೆರೆಗಳು ಮೂಡಿದ್ದರೆ, ಅಂಚಿನಲ್ಲಿ ಏಣು ಎದ್ದಿದ್ದರೆ, ಆಗ ಬದಲಾವಣೆಯ ಕಾಲ ಬಂದಿತೆಂದು ತಿಳಿಯಬೇಕು. ಹೊರಮೈ ಬೆಳ್ಳಿಯಂತೆ ಹೊಳೆಯುತ್ತಿರುವಾಗಲೇ ಕವಚದ ಕಡೆಯ ಒಳಮೈ ಜಂಗಿನಿಂದ ಹಾಳಾಗಿರುವುದು ಅಪರೂಪವೇನೂ ಅಲ್ಲವಾದುದರಿಂದ, ಟಾರ್ಚು ಹಿಡಿದು ಹಿಂದುಗಡೆಯನ್ನೂ ನೋಡತಕ್ಕದ್ದು. ಎಷ್ಟು ಸವೆದರೆ ಡಿಸ್ಕು ನಿರುಪಯೋಗಿ ಎಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಮಿಲಿಮೀಟರುಗಳಲ್ಲಿ ಅಚ್ಚೊತ್ತಿರುತ್ತಾರೆ. ಪ್ಯಾಡಿನ ಉಜ್ಜುಪದರವು 3 ಮಿಲಿಮೀಟರಿಗೆ ಇಳಿಯಿತೆಂದರೆ ಅದನ್ನು ಬದಲಿಸುವುದೇ ವಿವೇಕ.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದನಾದರೂ, ಅವನ ತಾಮ್ರದ ಪ್ಯಾಡುಗಳು ಅಂದಿನ ಧೂಳುರಸ್ತೆಗಳಲ್ಲಿ ಬೇಗ ಸವೆಯುತ್ತಿದ್ದುವು. ಧೂಳಿಗೂ ಈ ಯಂತ್ರಭಾಗಕ್ಕೂ ಇರುವ ವೈರವು ಇಂದಿನದಲ್ಲ.

ಡಿಸ್ಕನ್ನಾಗಲಿ ಪ್ಯಾಡನ್ನಾಗಲಿ ಎಂದಿಗೂ ಒಂದೇ ಬದಿಗೆ ಬದಲಿಸಕೂಡದು. ಎಡಬಲ ಎರಡಕ್ಕೂ ಒಟ್ಟಿಗೆ ಹೊಸವನ್ನು ಹಾಕದಿದ್ದರೆ ಬ್ರೇಕು ಒತ್ತಿದಾಗ ಗಾಡಿಯು ಒಂದು ಪಕ್ಕಕ್ಕೆ ಎಳೆಯುತ್ತದೆ. ಗದಗ, ಹುಬ್ಬಳ್ಳಿಗಳ ಅಂಗಡಿಗಳಿಗೆ ಹೋಗುವಾಗ ಕಾರಿನ ಮಾದರಿ, ವರ್ಷ ಮತ್ತು ಚಾಸಿ ನಂಬರನ್ನು ಬರೆದುಕೊಂಡು ಹೋಗುವುದು ಒಳಿತು.

ಎರೆನೆಲವು ಬೇಸಗೆಯಲ್ಲಿ ಬಿರಿಯುವ, ಹಸಿಯಾದಾಗ ಕುಸಿಯುವ ನೆಲ. ಅದರ ಮೇಲೆ ಜ್ಯಾಕು ನಿಲ್ಲಿಸುವುದು ಪ್ರಾಣಕ್ಕೇ ಸಂಚಕಾರ. ಸಮತಟ್ಟಾದ ಕಾಂಕ್ರೀಟಿನ ಅಂಗಳವನ್ನೇ ಆರಿಸಿಕೊಂಡು, ಕಾರನ್ನು ಮೊದಲ ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕನ್ನು ಎಳೆದು, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಿ, ಆಮೇಲೆ ಎತ್ತಬೇಕು. ಎತ್ತಿದೊಡನೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜ್ಯಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ಕೈಯಿಡದಿರಲಿ.

ಗಾಲಿಯನ್ನು ತೆಗೆದ ಮೇಲೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಹಿಂಬದಿಯ ಎರಡು ಬೋಲ್ಟುಗಳನ್ನು ಪಾನಾದಿಂದ ಬಿಚ್ಚಿ, ಕ್ಯಾಲಿಪರನ್ನು ಎತ್ತಿ ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಬೇಕು. ರಬ್ಬರಿನ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಹಳೆಯ ಪ್ಯಾಡುಗಳನ್ನೂ ಅವುಗಳನ್ನು ಹಿಡಿದ ಬ್ರಾಕೆಟ್ಟನ್ನೂ ತೆಗೆದರೆ ಡಿಸ್ಕು ಕೈಗೆ ಬರಬೇಕು; ಆದರೆ ಜಂಗಿನಿಂದ ಹಬ್ಬಿಗೆ ಹತ್ತಿಕೊಂಡ ಡಿಸ್ಕು ಸುಲಭವಾಗಿ ಬಾರದು. ಅನೇಕ ಡಿಸ್ಕುಗಳಲ್ಲಿ ಇದಕ್ಕೆಂದೇ ಬೋಲ್ಟಿನ ಮರೆ ಕೊರೆದ ಎರಡು ತೂತುಗಳಿರುತ್ತವೆ. ತಕ್ಕ ಅಳತೆಯ ಬೋಲ್ಟುಗಳನ್ನು ಅವುಗಳಲ್ಲಿ ಹೊಗಿಸಿ, ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರೆ, ಬಿಗಿಯು ಟಕ್ಕನೆ ಬಿಟ್ಟು ಡಿಸ್ಕು ಕಳಚುತ್ತದೆ. ಬ್ರೇಕಿನ ಧೂಳನ್ನು ಮಾತ್ರ ಬಾಯಿಂದಾಗಲಿ ಗಾಳಿಯಿಂದಾಗಲಿ ಊದಕೂಡದು. ಅದು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಒದ್ದೆಯ ಬಟ್ಟೆಯಿಂದ ಒರೆಸಬೇಕು.

ಇನ್ನು ಹೇಳಲಿರುವುದೇ ಈ ಕೆಲಸದ ತಿರುಳು, ಅವಸರದವರು ಬಿಡುವುದೂ ಇದನ್ನೇ. ಡಿಸ್ಕು ಕೂರುವ ಹಬ್ಬಿನ ಮೈಯನ್ನು ತಂತಿಬ್ರಶ್ಶಿನಿಂದಲೂ ಪಾಲಿಶ್ ಕಾಗದದಿಂದಲೂ ಉಜ್ಜಿ, ಲೋಹದ ಬಣ್ಣ ಕಾಣುವವರೆಗೆ ಶುಚಿಗೊಳಿಸಬೇಕು. ಅಲ್ಲಿ ಉಳಿದ ಒಂದು ಜಂಗಿನ ಚಕ್ಕೆಯು ಹೊಸ ಡಿಸ್ಕನ್ನು ವಾಲಿಸುತ್ತದೆ. ಆ ಕಣ್ಣಿಗೆ ಕಾಣದ ವಾಲಾಟವೇ ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಪೆಡಲಿನ ನಡುಕವಾಗಿ ಪಾದಕ್ಕೆ ತಿಳಿಯುತ್ತದೆ. ಹೊಸ ಡಿಸ್ಕಿಗೆ ಜಂಗು ಹತ್ತದಂತೆ ಸವರಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೊಳೆದು, ಅನಂತರ ಉಜ್ಜುಮೈಯನ್ನು ಬರಿಗೈಯಿಂದ ಮುಟ್ಟದೆ ಕೂರಿಸಬೇಕು. ಕ್ಯಾಲಿಪರು ಜಾರುವ ಪಿನ್ನುಗಳನ್ನು ಒರೆಸಿ ಸಿಲಿಕೋನ್ ಗ್ರೀಸನ್ನು ಹಚ್ಚಬೇಕು. ಸಾಮಾನ್ಯ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ಒಳಪ್ಯಾಡು ಹೊರಪ್ಯಾಡಿಗಿಂತ ಬಹಳ ಸವೆದಿದ್ದರೆ ಈ ಪಿನ್ನುಗಳು ರಾಡಿಯಿಂದ ಹಿಡಿದುಕೊಂಡಿದ್ದುವೆಂದೇ ಊಹಿಸಬಹುದು.

ಹೊಸ ಪ್ಯಾಡು ದಪ್ಪವಾದುದರಿಂದ ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕಾಗುತ್ತದೆ. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟು, ಹಳೆಯ ಪ್ಯಾಡನ್ನು ಅಡ್ಡವಿಟ್ಟು, ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತುವಾಗ ಆಯಿಲು ಏರಿ ಚೆಲ್ಲದಂತೆ ನೋಡಿಕೊಳ್ಳಬೇಕು. ಚೆಲ್ಲಿದರೆ ಬಣ್ಣವನ್ನು ಕಿತ್ತುಬಿಡುತ್ತದೆ. ಪಿಸ್ಟನ್ನು ಸರಿಯದಿದ್ದರೆ, ಇಲ್ಲವೆ ಅದರ ರಬ್ಬರು ಹರಿದಿದ್ದರೆ, ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕರನ್ನು ಕರೆಯತಕ್ಕದ್ದು. ಜೋಡಣೆಯ ಬೋಲ್ಟುಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಗಾಲಿಯ ನಟ್ಟುಗಳನ್ನು ಒಂದಕ್ಕೊಂದು ಎದುರುಬದುರಾಗಿ ಬಿಗಿಯಬೇಕು.

ಇಂಜಿನನ್ನು ಚಾಲೂ ಮಾಡುವ ಮೊದಲು ಪೆಡಲನ್ನು ಅದು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಲೇಬೇಕು. ಪಿಸ್ಟನ್ನು ಹಿಂದಕ್ಕೆ ಸರಿದಿರುವ ಕಾರಣ ಮೊದಲ ಒತ್ತಿಗೆ ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅಂಗಳದಲ್ಲಿ ಆಡುವ ಮಕ್ಕಳೂ ಕಟ್ಟಿದ ಎತ್ತುಗಳೂ ಎದುರಿಗಿರುವಾಗ ಈ ಒಂದು ಮರೆವು ಎಂಥ ಅನರ್ಥಕ್ಕೆ ಎಡೆಗೊಡಬಲ್ಲುದೆಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಆಯಿಲಿನ ಮಟ್ಟವನ್ನೂ ಆಗಲೇ ನೋಡಿಕೊಂಡು, ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಹೊಸ ಆಯಿಲನ್ನೇ ಹಾಕಬೇಕು.

ಹೊಸ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಲು, ಜನಸಂಚಾರವಿಲ್ಲದ ಸಮರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ 20ಕ್ಕೆ ಮೆಲ್ಲನೆ ಇಳಿಸುವುದನ್ನು, ನಡುನಡುವೆ ತಣಿಯಲು ಅವಕಾಶ ಕೊಟ್ಟು, ಎಂಟು ಹತ್ತು ಸಲ ಮಾಡಬೇಕು. ಗಜೇಂದ್ರಗಡದ ಗುಡ್ಡದ ಇಳಿಜಾರುಗಳು ಇದಕ್ಕೆ ತಕ್ಕ ಸ್ಥಳವಲ್ಲ. ಸುಗ್ಗಿಯಲ್ಲಿ ಜೋಳದ ತೆನೆ ಹರವಿದ ಡಾಂಬರು ರಸ್ತೆಯಂತೂ ಸರ್ವಥಾ ಅಲ್ಲ, ಕಾಳಿನ ಮೇಲೆ ಟಯರು ಜಾರುತ್ತದೆ. ನೂರು ಕಿಲೋಮೀಟರು ಓಡಿದ ಮೇಲೆ ಗಾಲಿಯ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸತಕ್ಕದ್ದು. ಮಳೆಗಾಲದಲ್ಲಿ ಹೊಲದಿಂದ ಬಂದ ದಿನವೇ ಗಾಲಿಯ ಒಳಮೈಯ ರಾಡಿಯನ್ನು ನೀರಿನ ಪೈಪು ಹಿಡಿದು ತೊಳೆದು, ಡಿಸ್ಕು ಒಣಗುವಂತೆ ನಾಲ್ಕು ಹೆಜ್ಜೆ ಗಾಡಿ ಓಡಿಸಿ, ಹಗುರವಾಗಿ ಬ್ರೇಕು ಒತ್ತಿ ನಿಲ್ಲಿಸಬೇಕು.