ಶಾವಿಗೆ ಮಾಡುವ ಕೈಗೆ ಪಾಸ್ತಾ ಹೊಸದಲ್ಲ

ಮನೆಯಲ್ಲಿ ಪಾಸ್ತಾ ಮಾಡಬೇಕೆಂದರೆ ವಿದೇಶಿ ಹಿಟ್ಟು ಬೇಕು, ಮೊಟ್ಟೆ ಬೇಕು, ಸಾವಿರಾರು ರೂಪಾಯಿಯ ಯಂತ್ರ ಬೇಕು ಎನ್ನುವವರೇ ಹೆಚ್ಚು. ಮಲಪನಗುಡಿಯ ನಮ್ಮ ಮನೆಯಲ್ಲಿ ಈ ಮೂರೂ ಇಲ್ಲ. ರವೆ, ನೀರು, ಉಪ್ಪು, ಲಟ್ಟಣಿಗೆ ಇವೆ. ಬೇಸಿಗೆ ಬಂತೆಂದರೆ ಶಾವಿಗೆ ಮಾಡಿ ಪಳಗಿದ ಅತ್ತೆಯ ಕೈ ಇದೆ. ಅಷ್ಟು ಸಾಕಾಗಿದೆ.

ನಮ್ಮೂರು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿದೆ. ಹಂಪಿಯ ಹೋಟೆಲುಗಳಲ್ಲಿ ಇಡ್ಲಿ, ದೋಸೆಯ ಜೊತೆಗೇ ಪಾಸ್ತಾ ಸಿಗುತ್ತದೆ. ಮಕ್ಕಳು ಅದರ ರುಚಿ ಕಂಡವರು. ಒಂದೆರಡು ಪ್ಲೇಟಿಗೆ ಕೊಡುವ ದುಡ್ಡಿನಲ್ಲಿ ಮನೆಗೆ ವಾರದ ತರಕಾರಿ ಬರುತ್ತದೆ. ಹಾಗಾಗಿ ಮನೆಯಲ್ಲೇ ಕಲಸಲು ಕೂತೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಗೋಧಿಯ ಗುಣ. ಇಟಲಿಯ ಉತ್ತರ ಭಾಗದವರು ನಯವಾದ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸುತ್ತಾರೆ, ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ದಕ್ಷಿಣದವರದು ಬಡವರ ಅಡುಗೆ: ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆ, ಬರೀ ನೀರು. ಅಲ್ಲಿಯ ಬಾರಿ ಪಟ್ಟಣದ ಹಳೆಯ ಓಣಿಗಳಲ್ಲಿ ಹೆಂಗಸರು ಬಾಗಿಲ ಮುಂದೆ ಕೂತು ಒರೆಕ್ಕಿಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾ ತಿದ್ದುತ್ತಾರೆ. ನಮ್ಮ ಕೈಗೂ ಜೇಬಿಗೂ ಹೊಂದುವುದು ಈ ದಾರಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಬನ್ಸಿ ರವೆ ಗಟ್ಟಿ ಗೋಧಿಯದೇ. ಅದು ಒರಟಾಗಿರುವುದರಿಂದ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ತೆಳು ಬಟ್ಟೆಯಲ್ಲಿ ಜಾಲಿಸಿಕೊಳ್ಳುತ್ತೇನೆ. ಅದು ಸಿಗದಿದ್ದರೆ ಚಿರೋಟಿ ರವೆಯೂ ನಡೆಯುತ್ತದೆ. ಬರೀ ಮೈದಾ ಮಾತ್ರ ಬೇಡ. ಬೆಂದ ಮೇಲೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಸದಕ ಗೋಧಿ ಸಿಕ್ಕವರು ಪುಣ್ಯವಂತರು. ಖಪ್ಲಿ ಎಂದೂ ಕರೆಯುವ ಈ ಹಳೆಯ ಗೋಧಿ ಉತ್ತರ ಕರ್ನಾಟಕದ ಹೊಲಗಳಲ್ಲಿ ಇನ್ನೂ ಉಳಿದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ಇಟಲಿಯವರೂ ಇದೇ ಗೋಧಿಯನ್ನು ಫಾರ್ರೋ ಎಂಬ ಹೆಸರಲ್ಲಿ ಬೆಳೆದು ಪಾಸ್ತಾ ಮಾಡುತ್ತಾರೆ. ನಮ್ಮ ಕಡೆ ಕಾಲುವೆ ನೀರಿಗೆ ಭತ್ತ, ಕಬ್ಬು, ಬಾಳೆ. ಗೋಧಿ ಕೊಂಡು ತರುವ ಕಾಳು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೂಡ ಇಲ್ಲಿಯ ಪೇಟೆಗಳಲ್ಲಿ ಗೋಧಿ ಉಳಿದ ಕಾಳುಗಳಷ್ಟು ಸಾಮಾನ್ಯವಲ್ಲ ಎಂದು ಬರೆದಿದ್ದಾನೆ. ಶಾವಿಗೆ ನಮ್ಮಲ್ಲಿ ದಿನದ ಊಟವಾಗದೆ ಹಬ್ಬದ ಊಟವಾದದ್ದಕ್ಕೆ ಅದೂ ಒಂದು ಕಾರಣ ಇರಬೇಕು ಅನಿಸುತ್ತದೆ.

ಇನ್ನು ಕಲಸುವ ಮಾತು. ನಾಲ್ವರಿಗೆ 400 ಗ್ರಾಂ ರವೆ, ಅದರ ಅರ್ಧ ತೂಕದ ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪು. ಮೊದಲು ಪುಡಿಪುಡಿಯಾಗಿ ಕಾಣುತ್ತದೆ, ಇನ್ನಷ್ಟು ನೀರು ಹಾಕಬೇಕು ಅನಿಸುತ್ತದೆ. ಹಾಕಬಾರದು. “ನೀರು ಕಮ್ಮಿ ಹಾಕಮ್ಮ, ಕೈ ಜಾಸ್ತಿ ಹಾಕು” ಎನ್ನುತ್ತಾರೆ ಅತ್ತೆ. ಹತ್ತು ನಿಮಿಷ ಅಂಗೈಯ ಬುಡದಿಂದ ಒತ್ತಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಒರಟು ರವೆಯಾದರೆ ಒಂದು ಗಂಟೆ. ರವೆಯ ಕಾಳು ನೀರು ಕುಡಿಯುವುದು ನಿಧಾನ. ಅದು ನೆನೆದ ಮೇಲೆಯೇ ಗೋಧಿಯೊಳಗಿನ ಗ್ಲುಟೆನ್ ಜಾಲ ಕೂಡಿಕೊಂಡು ಹಿಟ್ಟಿಗೆ ಜಿಗುಟು ಬರುತ್ತದೆ. ಬೆರಳಲ್ಲಿ ಒತ್ತಿದ ಗುಳಿ ಮೆಲ್ಲಗೆ ಮೇಲೇಳತೊಡಗಿದರೆ ಹಿಟ್ಟು ಹದಕ್ಕೆ ಬಂತೆಂದು ಲೆಕ್ಕ. ಪಾಸ್ತಾದ ಹಣೆಬರಹ ಬರೆಯುವುದು ಈ ಅರ್ಧ ಗಂಟೆ.

ಆಕಾರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತೆಳ್ಳಗೆ ಲಟ್ಟಿಸಿ, ಒಣ ರವೆ ಉದುರಿಸಿ, ಸಡಿಲವಾಗಿ ಮಡಚಿ ಚಾಕುವಿನಲ್ಲಿ ಕೊಯ್ದರೆ ಪಟ್ಟಿ ಪಾಸ್ತಾ. ಹಿಟ್ಟನ್ನು ಸಣ್ಣ ಬತ್ತಿ ಮಾಡಿ, ಗೋಲಿಯಷ್ಟು ಮುರಿದು, ಹೆಬ್ಬೆರಳಲ್ಲಿ ಒತ್ತಿ ಎಳೆದರೆ ಚಿಪ್ಪು. ಮದುವೆಗೆಂದು ಗೌಲಿ, ಪರಡಿ, ಬಳವಟಿಗೆ ಮಾಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಮುಂದೆ ಹಿಟ್ಟಿಡಿ. ಇಟಲಿಯವರಿಗೂ ತಿಳಿಯದ ಆಕಾರ ಬರುತ್ತವೆ. ಶಾವಿಗೆ ಮಷೀನಿನ ದೊಡ್ಡ ತೂತಿನ ಬಿಲ್ಲೆಯೂ ಆಗುತ್ತದೆ, ಆದರೆ ಹಿಟ್ಟು ಗಟ್ಟಿಯಿರುವುದರಿಂದ ಹಿಡಿ ತಿರುಗಿಸಲು ಇಬ್ಬರು ಬೇಕು.

ಬೇಯಿಸಲು 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಎರಡು ಚಮಚದಷ್ಟು ಕಲ್ಲುಪ್ಪು. ನೀರು ಕೊತಕೊತ ಕುದಿಯುವಾಗಲೇ ಹಾಕಬೇಕು. ತೆಳು ಪಟ್ಟಿ ಎರಡು ಮೂರು ನಿಮಿಷಕ್ಕೆ ಬೇಯುತ್ತದೆ, ಚಿಪ್ಪಿಗೆ ಇನ್ನಷ್ಟು ಹೊತ್ತು. ಬಸಿದ ನೀರನ್ನು ಚೆಲ್ಲಬೇಡಿ. ಹೋಳಿಗೆ ಬೇಳೆಯ ಕಟ್ಟಿನಿಂದ ಸಾರು ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿರುವ ಗಂಜಿಯೇ ಗೊಜ್ಜನ್ನು ಪಾಸ್ತಾಕ್ಕೆ ಹಿಡಿಸುತ್ತದೆ. ಗೊಜ್ಜಿಗೆ ಹಣ್ಣಾದ ಟೊಮ್ಯಾಟೊ, ಬೆಳ್ಳುಳ್ಳಿ, ಒಂದೆರಡು ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಎಣ್ಣೆ. ಬೇಸಿಲ್ ಎಂದು ದುಬಾರಿ ಬೆಲೆಗೆ ಮಾರುವ ಎಲೆ ನಮ್ಮ ಕಾಮಕಸ್ತೂರಿಯೇ. ಒಂದು ಕುಂಡ ಇಟ್ಟರೆ ಮುಗಿಯಿತು. ಚೀಸ್ ಕೊಳ್ಳಲಾಗದ ದಕ್ಷಿಣ ಇಟಲಿಯ ಮನೆಗಳಲ್ಲಿ ಹುರಿದ ಬ್ರೆಡ್ಡಿನ ಪುಡಿ ಉದುರಿಸುತ್ತಿದ್ದರು. ನಾನು ಕಟಕ್ ಜೋಳದ ರೊಟ್ಟಿಯನ್ನು ಪುಡಿ ಮಾಡಿ, ಬೆಳ್ಳುಳ್ಳಿಯ ಜೊತೆ ತುಪ್ಪದಲ್ಲಿ ಹುರಿದು ಹಾಕುತ್ತೇನೆ. ಚೀಸಿಗಿಂತ ನನಗೆ ಇದೇ ಇಷ್ಟ.

ಒಣಗಿಸಿಡುವವರಿಗೆ ಒಂದು ಎಚ್ಚರಿಕೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಮಾಳಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಎಳೆ ಸಣ್ಣದಾದ್ದರಿಂದ ಶಾವಿಗೆಗೆ ಅದು ವರ. ದಪ್ಪ ಪಾಸ್ತಾದ ಹೊರಮೈ ಮಾತ್ರ ಬೇಗ ಒಣಗಿ, ಒಳಗೆ ಹಸಿ ಉಳಿದು, ಸೀಳು ಬಿಡುತ್ತದೆ. ಮೊದಲ ದಿನ ನೆರಳಿನ ಗಾಳಿಗೆ, ತೆಳು ಬಟ್ಟೆಯ ಕೆಳಗೆ ಹರಡಬೇಕು, ಬಿಸಿಲು ಆಮೇಲೆ. ಮಳೆಗಾಲದಲ್ಲಿ ಒಣಗಿಸುವ ಆಸೆ ಬಿಟ್ಟು ಅಂದಿನದನ್ನು ಅಂದೇ ಉಣ್ಣುವುದು ಒಳ್ಳೆಯದು.

ಬನ್ಸಿ ರವೆಗೆ ಕಿಲೋಗೆ ಎಪ್ಪತ್ತು ರೂಪಾಯಿ ಹಿಡಿದರೂ ನಾಲ್ವರ ಹಿಟ್ಟಿಗೆ ಮೂವತ್ತು ರೂಪಾಯಿ ದಾಟುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಶಾವಿಗೆ ಮಣೆಯೋ ಮಷೀನೋ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಕೆಳಗಿಳಿಸಿ, ತೊಳೆದು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಭಾನುವಾರ ಹಿಟ್ಟು ಕಲಸಿ.