ಗೇಮ್ ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಅಂಕಿ ನೋಡಿ

ಲಂಡನ್ನಿನ ಅಂಗಡಿಯವನೊಬ್ಬ 14 ವರ್ಷದ ಹುಡುಗನಿಗೆ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಡಿಸ್ಕ್ ಮಾರಿದರೆ ಜೈಲಿಗೆ ಹೋಗುವ ಸಾಧ್ಯತೆಯುಂಟು. ಕ್ಯಾಲಿಫೋರ್ನಿಯಾದ ಅಂಗಡಿಯವನು ಅದೇ ಡಿಸ್ಕನ್ನು ಅದೇ ವಯಸ್ಸಿನ ಹುಡುಗನಿಗೆ ಮಾರಿದರೆ ಕಾನೂನು ಅಡ್ಡ ಬರುವುದಿಲ್ಲ. ಬೆಂಗಳೂರಿನಲ್ಲೂ ಅಷ್ಟೇ. ಮೂರೂ ಕಡೆ ಆಟ ಒಂದೇ. ಪೆಟ್ಟಿಗೆಯ ಮೇಲೆ ಇದು ದೊಡ್ಡವರದ್ದು ಎನ್ನುವ ಗುರುತೂ ಇದೆ. ಆ ಗುರುತಿಗೆ ಕಾನೂನಿನ ಬಲ ಇದೆಯೋ ಇಲ್ಲವೋ ಎನ್ನುವುದೊಂದೇ ವ್ಯತ್ಯಾಸ.

ಮಗಳ ಮನೆಗೆಂದು ಮೆಲ್ಬರ್ನ್‌ಗೋ ಮ್ಯೂನಿಕ್‌ಗೋ ಹೊರಟ ಅಜ್ಜ ಅಜ್ಜಿಯರು, ಅಮೆರಿಕದಿಂದ ಬರುವ ಚಿಕ್ಕಪ್ಪನಿಗೆ ‘ಹುಡುಗನಿಗೊಂದು ಗೇಮ್ ತಗೊಂಡು ಬಾ’ ಎಂದು ಹೇಳಿ ಕಳಿಸುವವರು, ಇಲ್ಲೇ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಮಗನ ಫೋನನ್ನು ಆತಂಕದಿಂದ ನೋಡುತ್ತಿರುವವರು, ಎಲ್ಲರಿಗೂ ಬೇಕಾದ ವಿಷಯ ಇದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾನೂನುಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಅವು ಹಿಡಿಯುವುದು ಮಾರುವವನನ್ನು. ಡಿಸ್ಕ್ ಮನೆಯ ಹೊಸ್ತಿಲು ದಾಟಿದ ಮೇಲೆ ಅವಕ್ಕೆ ಕೆಲಸವಿಲ್ಲ.

1. ಅಂಕಿ ಯಾರದ್ದೆಂದು ಗುರುತಿಸಿ

ಪೆಟ್ಟಿಗೆಯ ಮುಂಭಾಗದ ಕೆಳಮೂಲೆ ನೋಡಿ. ಚೌಕದೊಳಗೆ 3, 7, 12, 16, 18 ಇವುಗಳಲ್ಲೊಂದು ಅಂಕಿ ಇದ್ದು, ಹಸಿರು, ಕಿತ್ತಳೆ ಅಥವಾ ಕೆಂಪು ಬಣ್ಣವಿದ್ದರೆ ಅದು ಯುರೋಪಿನ ‘ಪೆಗಿ’ ರೇಟಿಂಗ್. 2003ರಲ್ಲಿ ಶುರುವಾದ ಇದೇ ಬ್ರಿಟನ್ನಿನಲ್ಲೂ ನಡೆಯುತ್ತದೆ. ಕಪ್ಪು ಬಿಳುಪಿನಲ್ಲಿ ಇ, ಟಿ, ಎಂ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಅಮೆರಿಕದ ‘ಇಎಸ್‌ಆರ್‌ಬಿ’: ಇ ಎಂದರೆ ಎಲ್ಲರಿಗೂ, ಟಿ 13 ದಾಟಿದವರಿಗೆ, ಎಂ 17 ದಾಟಿದವರಿಗೆ. ತುದಿಯ ಮೇಲೆ ನಿಂತ ಚೌಕದೊಳಗೆ 0, 6, 12, 16, 18 ಕಂಡರೆ ಜರ್ಮನಿಯ ‘ಯುಎಸ್‌ಕೆ’. ಆಸ್ಟ್ರೇಲಿಯಾದ ಪೆಟ್ಟಿಗೆಗಳಲ್ಲಿ ಜಿ, ಪಿಜಿ, ಎಂ, ಎಂಎ 15+, ಆರ್ 18+ ಎಂದಿರುತ್ತದೆ. ಇಲ್ಲೊಂದು ಗೊಂದಲ ಇದೆ: ಅಮೆರಿಕದ ‘ಎಂ’ ಹದಿನೇಳರದ್ದು, ಆಸ್ಟ್ರೇಲಿಯಾದ ‘ಎಂ’ ಬರೀ ಸಲಹೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಅಂಕಿ ಆಟದ ಕಷ್ಟವನ್ನು ಹೇಳುವುದಿಲ್ಲ. ಪೆಗಿ 3 ಎಂದರೆ ಮೂರು ವರ್ಷದ ಮಗು ಆಡಬಲ್ಲದು ಎಂದಲ್ಲ, ಆ ಮಗು ನೋಡಿದರೆ ತೊಂದರೆಯಿಲ್ಲ ಎಂದಷ್ಟೇ ಅರ್ಥ.

ಈಗ ಪೆಟ್ಟಿಗೆ ತಿರುಗಿಸಿ. ಹಿಂಭಾಗದಲ್ಲಿ ಆ ಅಂಕಿ ಬಂದದ್ದಕ್ಕೆ ಕಾರಣ ಇರುತ್ತದೆ. ಪೆಗಿಯಲ್ಲಿ ಮುಷ್ಟಿಯ ಚಿತ್ರ ಹಿಂಸೆಯನ್ನೂ, ದಾಳದ ಚಿತ್ರ ಜೂಜನ್ನೂ, ಕಾರ್ಡ್ ಹಿಡಿದ ಕೈ ಆಟದೊಳಗಿನ ಖರೀದಿಯನ್ನೂ ಸೂಚಿಸುತ್ತವೆ. ಹೆಚ್ಚಿನ ತಂದೆತಾಯಿ ಅಂಕಿ ನೋಡಿ ಸುಮ್ಮನಾಗುತ್ತಾರೆ. ನನ್ನ ಮಟ್ಟಿಗೆ ಹಿಂಭಾಗವೇ ಹೆಚ್ಚು ಉಪಯೋಗದ್ದು. ‘ಇಎ ಸ್ಪೋರ್ಟ್ಸ್ ಎಫ್‌ಸಿ 24’ ಎಂಬ ಫುಟ್‌ಬಾಲ್ ಆಟಕ್ಕೆ ಪೆಗಿ ಕೊಟ್ಟದ್ದು 3, ಜರ್ಮನಿ ಕೊಟ್ಟದ್ದು 12. ಹೊಡೆದಾಟ, ರಕ್ತ ಯಾವುದೂ ಇಲ್ಲದ ಆಟ ಅದು. ಒಳಗೆ ದುಡ್ಡು ಖರ್ಚು ಮಾಡಿಸುವ ಒತ್ತಡವನ್ನು ಜರ್ಮನ್ನರು ಲೆಕ್ಕಕ್ಕೆ ತೆಗೆದುಕೊಂಡರು, ಪೆಗಿ ಅದನ್ನು ಬರೀ ಚಿತ್ರದಲ್ಲಿ ತಿಳಿಸಿ ಬಿಟ್ಟಿತು.

2. ಆ ದೇಶದ ಅಂಗಡಿಯಲ್ಲಿ ಏನು ನಡೆಯುತ್ತದೆಂದು ತಿಳಿದುಕೊಳ್ಳಿ

ಬ್ರಿಟನ್ನಿನಲ್ಲಿ 2012ರ ಜುಲೈ 30ರಿಂದ ಪೆಗಿ 12, 16, 18 ಗುರುತುಗಳಿಗೆ ಕಾನೂನಿನ ಬಲ ಬಂದಿದೆ. ಆ ವಯಸ್ಸಿಗಿಂತ ಚಿಕ್ಕವರಿಗೆ ಡಿಸ್ಕ್ ಮಾರುವುದೂ ಬಾಡಿಗೆಗೆ ಕೊಡುವುದೂ ಅಪರಾಧ; ಆರು ತಿಂಗಳವರೆಗೆ ಸೆರೆವಾಸ, ದಂಡ, ಅಥವಾ ಎರಡೂ ಆಗಬಹುದು. ಹಳೆಯ ಡಿಸ್ಕ್ ಮಾರುವ ಸೆಕೆಂಡ್ ಹ್ಯಾಂಡ್ ಅಂಗಡಿಗೂ ಇದು ಅನ್ವಯ. 3 ಮತ್ತು 7 ಸಲಹೆ ಮಾತ್ರ. ಇದರ ಬುಡ 1984ರ ವಿಡಿಯೊ ರೆಕಾರ್ಡಿಂಗ್ಸ್ ಕಾಯ್ದೆಯಲ್ಲಿದೆ. ಆ ಕಾಯ್ದೆಯದ್ದೊಂದು ತಮಾಷೆಯ ಕತೆ. ಅದನ್ನು ಯುರೋಪಿಯನ್ ಕಮಿಷನ್ನಿಗೆ ವಿಧಿಪೂರ್ವಕ ತಿಳಿಸುವುದನ್ನೇ ಬ್ರಿಟಿಷ್ ಸರ್ಕಾರ ಮರೆತಿತ್ತು. 2009ರಲ್ಲಿ ಇದು ಬೆಳಕಿಗೆ ಬಂದು, ಕಾಲು ಶತಮಾನ ಜಾರಿಯಲ್ಲಿದ್ದ ಕಾನೂನಿನಡಿ ಮೊಕದ್ದಮೆ ಹೂಡಲಾಗದೆ, 2010ರಲ್ಲಿ ಅದನ್ನೇ ಮತ್ತೆ ಜಾರಿಗೊಳಿಸಬೇಕಾಯಿತು.

ಅಂಗಡಿಗೆ ಹೋಗುವಾಗ ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ಜೊತೆಗಿರಲಿ. ತಲೆ ನರೆತವರನ್ನು ಯಾರೂ ವಯಸ್ಸು ಕೇಳುವುದಿಲ್ಲ. ಕಾಲೇಜಿಗೆ ಹೋಗುವ ಮಗನನ್ನು ಕಳಿಸಿದರೆ ಕೇಳಿಯೇ ಕೇಳುತ್ತಾರೆ. ಇನ್ನೊಂದು ವಿಷಯ: 18ರ ಡಿಸ್ಕಿಗೆ ನೀವೇ ದುಡ್ಡು ಕೊಟ್ಟರೂ, ಪಕ್ಕದಲ್ಲಿ ನಿಂತ ಹನ್ನೆರಡರ ಮೊಮ್ಮಗ ಅದೇ ತನಗೆ ಬೇಕೆಂದು ಕುಣಿಯುತ್ತಿದ್ದರೆ ಕೌಂಟರಿನವರು ಮಾರಲು ಒಪ್ಪದಿರಬಹುದು. ವಾದ ಮಾಡಬೇಡಿ, ಕೆಲಸ ಹೋಗುವುದು ಅವರದ್ದು. ಆದರೆ ನೀವು ಕೊಂಡ ಡಿಸ್ಕನ್ನು ಮನೆಯಲ್ಲಿ ಹುಡುಗನಿಗೆ ಕೊಟ್ಟರೆ ಆ ಕಾಯ್ದೆಯಡಿ ಅಪರಾಧವಲ್ಲ. ವ್ಯಾಪಾರವಲ್ಲದ, ಪ್ರತಿಫಲವಿಲ್ಲದ ಕೊಡುಗೆಯನ್ನು ಅದು ಹೊರಗಿಟ್ಟಿದೆ.

ಜರ್ಮನಿ ಇನ್ನೂ ಬಿಗಿ. ಎರ್ಫುರ್ಟ್ ನಗರದ ಶಾಲೆಯೊಂದರಲ್ಲಿ 2002ರ ಏಪ್ರಿಲ್‌ನಲ್ಲಿ ನಡೆದ ಗುಂಡಿನ ದಾಳಿಯ ನಂತರ ಅಲ್ಲಿ ಹಿಂಸಾತ್ಮಕ ಆಟಗಳ ಚರ್ಚೆ ಭುಗಿಲೆದ್ದಿತ್ತು. 2003ರ ಏಪ್ರಿಲ್ 1ರಿಂದ ಜಾರಿಯಾದ ಯುವಜನ ಸಂರಕ್ಷಣಾ ಕಾಯ್ದೆ ಯುಎಸ್‌ಕೆ ಗುರುತನ್ನು ಕಡ್ಡಾಯ ಮಾಡಿತು. ತಪ್ಪಿದ ಅಂಗಡಿಗೆ 50,000 ಯುರೋ ತನಕ ದಂಡ ಬೀಳಬಹುದು. ಗುರುತೇ ಇಲ್ಲದ ಡಿಸ್ಕನ್ನು 18 ದಾಟಿದವರಿಗೆ ಮಾತ್ರ ಮಾರಬೇಕು.

ಆಸ್ಟ್ರೇಲಿಯಾದಲ್ಲಿ 2013ರ ಜನವರಿ 1ರ ತನಕ ಆಟಗಳಿಗೆ ಆರ್ 18+ ವರ್ಗವೇ ಇರಲಿಲ್ಲ. ಎಂಎ 15+ ಮೀರಿದ ಆಟ ನಿಷೇಧವಾಗುತ್ತಿತ್ತು, ದೊಡ್ಡವರಿಗೂ ಸಿಗುತ್ತಿರಲಿಲ್ಲ. ಈಗ ಆರ್ 18+ ಆಟವನ್ನು 18 ತುಂಬದವರಿಗೆ ಮಾರುವಂತಿಲ್ಲ. ಎಂಎ 15+ ಬೇಕಾದರೆ 15 ತುಂಬದ ಮಗುವಿನೊಂದಿಗೆ ತಂದೆ, ತಾಯಿ ಅಥವಾ ಪೋಷಕರು ಇರಬೇಕು. 2024ರ ಸೆಪ್ಟೆಂಬರ್ 22ರ ನಂತರ ವರ್ಗೀಕರಣವಾದ ಆಟಗಳಲ್ಲಿ ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಅದೃಷ್ಟದ ಪೆಟ್ಟಿಗೆಗೆ (ಲೂಟ್ ಬಾಕ್ಸ್) ದುಡ್ಡು ಹಾಕುವ ವ್ಯವಸ್ಥೆಯಿದ್ದರೆ ಕನಿಷ್ಠ ‘ಎಂ’, ಕ್ಯಾಸಿನೊ ಮಾದರಿಯ ಜೂಜಿದ್ದರೆ ಆರ್ 18+ ಬೀಳುತ್ತದೆ. ವರ್ಗೀಕರಣ ನಿರಾಕರಿಸಿದ ಆಟವನ್ನು ಸೂಟ್‌ಕೇಸಿನಲ್ಲಿ ಒಯ್ದರೆ ಕಸ್ಟಮ್ಸ್‌ನವರು ಕಿತ್ತುಕೊಳ್ಳಬಹುದು.

ಎಲ್ಲಕ್ಕಿಂತ ಕುತೂಹಲದ್ದು ಅಮೆರಿಕ. ಅಲ್ಲಿಯೂ ಕಾನೂನು ಮಾಡಲು ಹೊರಟಿದ್ದರು. 2005ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕ ಲೀಲ್ಯಾಂಡ್ ಯೀ ತಂದ ಮಸೂದೆಗೆ ಗವರ್ನರ್ ಆರ್ನಾಲ್ಡ್ ಶ್ವಾರ್ಜೆನೆಗ್ಗರ್ ಸಹಿ ಹಾಕಿದರು. ತೆರೆಯ ಮೇಲೆ ಮಷಿನ್‌ಗನ್ ಹಿಡಿದೇ ಹೆಸರು ಮಾಡಿದವರು ಮಕ್ಕಳನ್ನು ಹಿಂಸೆಯಿಂದ ಕಾಪಾಡುವ ಕಾಗದಕ್ಕೆ ಸಹಿ ಹಾಕಿದರೆಂದು ಆಗಲೇ ಜನ ನಕ್ಕಿದ್ದರು. 18 ತುಂಬದವರಿಗೆ ಹಿಂಸಾತ್ಮಕ ಆಟ ಮಾರಿದರೆ 1,000 ಡಾಲರ್ ತನಕ ದಂಡ ಎಂದು ಅದರಲ್ಲಿತ್ತು. ಗೇಮ್ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು, ಕಾನೂನು ಒಂದು ದಿನವೂ ಜಾರಿಗೆ ಬರಲಿಲ್ಲ. 2011ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಅದನ್ನು ಹೊಡೆದುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಪುಸ್ತಕ, ನಾಟಕ, ಸಿನಿಮಾಗಳಂತೆ ಆಟವೂ ಅಭಿವ್ಯಕ್ತಿಯೇ. ಮಕ್ಕಳಿಗೆ ಅಶ್ಲೀಲ ವಸ್ತು ಮಾರುವುದನ್ನು ತಡೆಯಬಹುದು, ಹಿಂಸೆಯನ್ನು ಅದೇ ಸಾಲಿಗೆ ಸೇರಿಸಲಾಗದು ಎಂಬುದು ಅದರ ತಿರುಳು. ಮಕ್ಕಳಿಗೆ ನಾವೇ ಓದಿಸುವ ಗ್ರಿಮ್ ಸಹೋದರರ ಕತೆಗಳಲ್ಲಿ ಕಡಿಮೆ ಕ್ರೌರ್ಯ ಇದೆಯೇ ಎಂದೂ ಅವರು ಕೆಣಕಿದ್ದರು. ಬ್ರೇಯರ್ ಮತ್ತು ಥಾಮಸ್ ಒಪ್ಪಲಿಲ್ಲ. ಮಸೂದೆ ತಂದ ಯೀ ಮುಂದೆ ಭ್ರಷ್ಟಾಚಾರದ ಪ್ರಕರಣವೊಂದರಲ್ಲಿ ತಪ್ಪೊಪ್ಪಿಕೊಂಡು 2016ರಲ್ಲಿ ಐದು ವರ್ಷದ ಶಿಕ್ಷೆಗೆ ಗುರಿಯಾದರು. ಬಂದೂಕು ಕಳ್ಳಸಾಗಣೆಯ ಮಾತುಕತೆಯೂ ಆ ಪ್ರಕರಣದಲ್ಲಿತ್ತು.

ಹಾಗೆಂದು ಅಮೆರಿಕದ ಅಂಗಡಿಗಳಲ್ಲಿ ಕೇಳಿದವರಿಗೆಲ್ಲ ಕೊಡುತ್ತಾರೆಂದು ತಿಳಿಯಬೇಡಿ. ದೊಡ್ಡ ಅಂಗಡಿಗಳು ‘ಎಂ’ ಆಟಕ್ಕೆ ತಾವಾಗಿಯೇ ಗುರುತಿನ ಚೀಟಿ ಕೇಳುತ್ತವೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಕ್ಕಳನ್ನೇ ಗುಟ್ಟಾಗಿ ಅಂಗಡಿಗೆ ಕಳಿಸಿ ಪರೀಕ್ಷಿಸುತ್ತಿತ್ತು. 2000ದಲ್ಲಿ ಶೇಕಡಾ 85 ಮಕ್ಕಳಿಗೆ ‘ಎಂ’ ಆಟ ಸಿಕ್ಕಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದು ಶೇಕಡಾ 13ಕ್ಕೆ ಇಳಿದಿತ್ತು. ಕಾನೂನಿಲ್ಲದೆಯೂ ಇಷ್ಟಾಯಿತು ಎಂಬುದು ಕಾನೂನು ಕಾನೂನು ಎನ್ನುವ ನಮ್ಮಂಥವರು ಯೋಚಿಸಬೇಕಾದದ್ದು.

3. ಡಿಸ್ಕ್ ಇಲ್ಲದ ಆಟಕ್ಕೆ ಕಾನೂನು ಕಾಯಬೇಡಿ

ಈಗ ಹೆಚ್ಚಿನ ಆಟಗಳು ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ, ಡೌನ್‌ಲೋಡ್ ಆಗುತ್ತವೆ. ಬ್ರಿಟನ್ನಿನ ಕಾನೂನು ಕೂಡ ಮುಟ್ಟುವುದು ಡಿಸ್ಕ್, ಕಾರ್ಟ್ರಿಜ್‌ಗಳನ್ನೇ ಹೊರತು ಡೌನ್‌ಲೋಡನ್ನಲ್ಲ. ಹಾಗಾಗಿ ಕೌಂಟರಿನ ಕೆಲಸವನ್ನು ಕನ್ಸೋಲ್‌ನಲ್ಲಿ ನೀವೇ ಮಾಡಬೇಕು.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಮೂರರಲ್ಲೂ ಕ್ರಮ ಒಂದೇ ಬಗೆಯದ್ದು. ಮೊದಲು ನಿಮ್ಮ ಹೆಸರಿನಲ್ಲಿ ಖಾತೆ ತೆರೆಯಿರಿ, ಅದರಡಿ ಮಗುವಿಗೆ ಬೇರೆ ಖಾತೆ ಮಾಡಿ, ವಯಸ್ಸಿನ ಮಿತಿ ಹಾಕಿ, ಪಿನ್ ಇಡಿ. ಮಿತಿ ಹಾಕಿದ ಮೇಲೆ ಗೆಳೆಯನಿಂದ ಡಿಸ್ಕ್ ತಂದು ತುರುಕಿದರೂ ನಿಮ್ಮ ಅನುಮತಿಯಿಲ್ಲದೆ ಆಟ ತೆರೆಯುವುದಿಲ್ಲ. ಎಕ್ಸ್‌ಬಾಕ್ಸ್‌ಗೂ ನಿಂಟೆಂಡೊಗೂ ಇದಕ್ಕೆಂದೇ ಫೋನ್ ಆ್ಯಪ್ ಇದೆ, ಬೆಂಗಳೂರಿನ ಆಫೀಸಿನಲ್ಲಿ ಕುಳಿತೇ ಆಟದ ಸಮಯ ಕತ್ತರಿಸಬಹುದು.

ಇಡೀ ವ್ಯವಸ್ಥೆ ನಿಂತಿರುವುದು ಖಾತೆ ತೆರೆಯುವಾಗ ಹಾಕಿದ ಹುಟ್ಟಿದ ದಿನಾಂಕದ ಮೇಲೆ. ‘ಬೇಗ ಆಗಲಿ’ ಎಂದು 1990 ಹಾಕಿಕೊಟ್ಟವರು ಬಹುಪಾಲು ಅಪ್ಪಂದಿರೇ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಚಿಲಕಕ್ಕೇ ನೇತುಹಾಕಿದಂತಾಗುತ್ತದೆ ಅದು. ಸುಳ್ಳು ವರ್ಷವಿರುವ ಖಾತೆಯಿದ್ದರೆ ಮಗುವಿಗೆ ಹೊಸ ಖಾತೆ ಮಾಡುವುದೇ ಸುಲಭ. ಹಳೆಯ ಆಟಗಳ ಪ್ರಗತಿ ಹೋಯಿತೆಂದು ಒಂದು ವಾರ ಮನೆಯಲ್ಲಿ ರಗಳೆ ಆಗುತ್ತದೆ, ಆಗಲಿ.

4. ಇಲ್ಲಿನ ಫೋನಿಗೆ

ಭಾರತದಲ್ಲಿ ಸಿನಿಮಾಗೆ ಸೆನ್ಸಾರ್ ಪ್ರಮಾಣಪತ್ರವಿದೆ, 18 ತುಂಬದವರಿಗೆ ಬೀಡಿ ಮಾರಿದರೆ ಅಪರಾಧ. ಹಿಂಸಾತ್ಮಕ ಆಟ ಮಾರಬಾರದೆಂಬ ಕಾನೂನು ಮಾತ್ರ ಇಲ್ಲ, ಸರ್ಕಾರದ್ದೇ ಆದ ರೇಟಿಂಗೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 295ನೇ ಕಲಂ ಮಕ್ಕಳಿಗೆ ಅಶ್ಲೀಲ ವಸ್ತು ಮಾರುವುದನ್ನು ಶಿಕ್ಷಿಸುತ್ತದೆ, ರಕ್ತಪಾತಕ್ಕೆ ಅದು ಅನ್ವಯಿಸದು. ‘ಪಬ್‌ಜಿ ನಿಷೇಧ ಮಾಡಿದ್ದರಲ್ಲ’ ಎಂದು ಕೇಳುವವರಿದ್ದಾರೆ. 2020ರ ಸೆಪ್ಟೆಂಬರ್ 2ರ ಆ ನಿಷೇಧ ದತ್ತಾಂಶ ಮತ್ತು ದೇಶದ ಭದ್ರತೆಯ ಕಾರಣಕ್ಕೆ. ಗುಂಡು ಹಾರಿಸುವ ಆಟ ಎಂಬುದಕ್ಕಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಮುಚ್ಚಿದ್ದು ಹಣ ಕಟ್ಟಿ ಆಡುವ ಆಟಗಳನ್ನು.

ಹೀಗಾಗಿ ಇಲ್ಲಿ ಕೈಗೆ ಸಿಗುವ ಗುರುತು ಎಂದರೆ ಆ್ಯಪ್ ಸ್ಟೋರಿನದ್ದು. ಗೂಗಲ್ ಪ್ಲೇಯಲ್ಲಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಎಂದು ಕಾಣುತ್ತದೆ. ಆಟ ಮಾಡಿದವರೇ ಪ್ರಶ್ನಾವಳಿಗೆ ಕೊಟ್ಟ ಉತ್ತರದಿಂದ ಅದು ತಯಾರಾಗುತ್ತದೆ ಎಂಬುದು ನೆನಪಿರಲಿ. ಆ್ಯಪಲ್ 2025ರಲ್ಲಿ ತನ್ನ ಹಳೆಯ 12+, 17+ ಬಿಟ್ಟು 13+, 16+, 18+ ಎಂದು ಬದಲಾಯಿಸಿಕೊಂಡಿದೆ.

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ. ಆನ್ ಮಾಡಿ ಪಿನ್ ಕೊಟ್ಟು ‘ಆ್ಯಪ್ಸ್ ಆ್ಯಂಡ್ ಗೇಮ್ಸ್’ನಲ್ಲಿ ವಯಸ್ಸು ಆಯ್ದುಕೊಳ್ಳಿ. ಪಿನ್ ನಿಮ್ಮ ಯುಪಿಐದ್ದೇ ಆಗಿರಬಾರದು, ಅದು ಮಗನಿಗೆ ಗೊತ್ತಿರುತ್ತದೆ. ಈಗಾಗಲೇ ಇನ್‌ಸ್ಟಾಲ್ ಆಗಿರುವ ಆಟ ಇದರಿಂದ ಅಳಿಯುವುದಿಲ್ಲ, ಕೈಯಾರೆ ತೆಗೆಯಬೇಕು. ಸ್ಟೋರ್ ಬಿಟ್ಟು ಬೇರೆಡೆಯಿಂದ ಫೈಲ್ ತಂದು ಹಾಕಿಕೊಳ್ಳುವ ದಾರಿಯೂ ಇದೆ. ಅದನ್ನು ಮುಚ್ಚಲು ಸೆಟ್ಟಿಂಗ್ಸ್‌ನಲ್ಲಿ ‘ಅನ್‌ನೋನ್ ಆ್ಯಪ್ಸ್’ ಅನುಮತಿಯನ್ನು ಕ್ರೋಮ್‌ಗೂ ವಾಟ್ಸ್‌ಆ್ಯಪ್‌ಗೂ ಆಫ್ ಮಾಡಿ. ಮಗುವಿಗೇ ಸ್ವಂತ ಫೋನ್ ಇದ್ದರೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಹಾಕುವುದು ಒಳ್ಳೆಯದು. ಐಫೋನಿನಲ್ಲಿ ಇದೆಲ್ಲ ‘ಸ್ಕ್ರೀನ್ ಟೈಮ್’ ಒಳಗೆ ಸಿಗುತ್ತದೆ.

ಕೆಲವು ಆಟಗಳು ತಮ್ಮದೇ ಮಿತಿ ಇಟ್ಟುಕೊಂಡಿವೆ. ಪಬ್‌ಜಿಯ ಭಾರತದ ಆವೃತ್ತಿಯಾಗಿ ಬಂದು, ತಾನೂ ತಡೆಗೊಳಗಾಗಿ, 2023ರ ಮೇ ತಿಂಗಳಲ್ಲಿ ಮರಳಿ ಬಂದ ಬಿಜಿಎಂಐ 18 ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಎಂದಿತು. ಹುಡುಗ ತನಗೆ 18 ದಾಟಿದೆ ಎಂದು ಒತ್ತಿದರೆ ಆ ಲೆಕ್ಕವೂ ತಪ್ಪುತ್ತದೆ.

5. ದೂರು ಎಲ್ಲಿ

ಬ್ರಿಟನ್ನಿನಲ್ಲಿ ಮಗುವಿಗೆ 18ರ ಡಿಸ್ಕ್ ಮಾರಿದ ಅಂಗಡಿಯ ಬಗ್ಗೆ ಸ್ಥಳೀಯ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ತಿಳಿಸಬೇಕು. ದಾರಿ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಯ ಮೂಲಕ. ರಸೀದಿ ಇಟ್ಟುಕೊಂಡಿರಿ. ಅಮೆರಿಕದಲ್ಲಿ ಅಂಗಡಿಯ ಮ್ಯಾನೇಜರ್‌ಗೆ ಹೇಳುವುದೇ ಸರಿಯಾದ ಮೊದಲ ಹೆಜ್ಜೆ, ನಿಯಮ ಅವರದ್ದೇ. ಇಲ್ಲಿ, ಪ್ಲೇ ಸ್ಟೋರಿನ ಆಟಕ್ಕೆ ಹಾಕಿದ ವಯಸ್ಸು ತಪ್ಪೆನಿಸಿದರೆ ಆ ಆಟದ ಪುಟದಲ್ಲೇ ಮೇಲ್ಗಡೆಯ ಮೂರು ಚುಕ್ಕಿ ಒತ್ತಿ ಆಕ್ಷೇಪ ಸಲ್ಲಿಸಬಹುದು.