ವೈರಿಂಗ್ ಕೆಟ್ಟಿದೆಯೇ? ಕಿತ್ತು ಹಾಕಿಸುವ ಮುನ್ನ ಸಾಕ್ಷ್ಯ ಉಳಿಸಿಕೊಳ್ಳಿ

ಹೊಸ ಮನೆಗೆ ಬಂದು ವರ್ಷ ತುಂಬುವ ಮೊದಲೇ ಗೀಸರ್ ಹಾಕಿದಾಗಲೆಲ್ಲ ಬಚ್ಚಲುಮನೆಯ ಬೋರ್ಡಿನಿಂದ ಸುಟ್ಟ ವಾಸನೆ ಬರುತ್ತದೆ. ವೈರಿಂಗ್ ಮಾಡಿದವರಿಗೆ ಫೋನ್ ಮಾಡಿದರೆ ‘ಬರ್ತೀನಿ ಸರ್’ ಎನ್ನುತ್ತಾರೆ, ಬರುವುದಿಲ್ಲ. ಬೇಸತ್ತ ಮನೆಯವರು ಇನ್ನೊಬ್ಬರನ್ನು ಕರೆಸಿ, ಹಳೆಯ ವೈರ್ ಕಿತ್ತೆಸೆದು ಹೊಸದು ಎಳೆಸಿಬಿಡುತ್ತಾರೆ. ಕೊಟ್ಟ ಹಣ ವಾಪಸ್ ಕೇಳುವ ದಾರಿ ಬಹುಪಾಲು ಮುಚ್ಚುವುದು ಅಲ್ಲಿಯೇ. ಕೆಲಸ ಕಳಪೆಯಾಗಿತ್ತು ಎಂದು ತೋರಿಸಲು ಆಮೇಲೆ ಏನೂ ಉಳಿದಿರುವುದಿಲ್ಲ.

ಆದರೂ ಎಲ್ಲಕ್ಕಿಂತ ಮೊದಲು ಜೀವ. ಶಾಕ್ ಹೊಡೆಯುವ ಅಥವಾ ಬಿಸಿಯಾಗುವ ಲೈನಿನ ಎಂಸಿಬಿ ಇಳಿಸಿ, ಯಾರೂ ಮತ್ತೆ ಎತ್ತದಂತೆ ಅದರ ಮೇಲೆ ಟೇಪ್ ಅಂಟಿಸಿ. ಯಾವುದು ಯಾವ ಕೋಣೆಯದೆಂದು ತಿಳಿಯದಿದ್ದರೆ ಮೇನ್ ಆಫ್ ಮಾಡಿಬಿಡಿ. ಕಂಬದಿಂದ ಮೀಟರಿನವರೆಗೆ ತೊಂದರೆ ಇದ್ದರೆ 1912ಕ್ಕೆ ಕರೆ ಮಾಡಬಹುದು. ಮೀಟರ್ ದಾಟಿದ ಮೇಲೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಹೊಣೆಯಲ್ಲ.

ಇನ್ನು ದಾಖಲೆ. ಬೋರ್ಡ್ ಬಿಚ್ಚುವ ಮುನ್ನ ಮತ್ತು ಬಿಚ್ಚಿದ ಮೇಲೆ, ಎರಡೂ ಸಲ ಫೋಟೊ ತೆಗೆಯಿರಿ. ಬಿಚ್ಚುವ ಕೆಲಸ ನೀವು ಮಾಡಬೇಡಿ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಬೇರೊಬ್ಬ ಗುತ್ತಿಗೆದಾರರನ್ನು ಕರೆಸಿ. ಒಳಗೆ ಏನು ನೋಡಬೇಕು ಎಂಬುದು ನಿಮಗೂ ತಿಳಿದಿರಲಿ. 2,000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3,000 ವಾಟಿನದು 13. ಇಂಥ ಪಾಯಿಂಟಿಗೆ 2.5 ಅಥವಾ 4 ಸ್ಕ್ವೇರ್ ಎಂಎಂ ವೈರ್ ಬೇಕು. ದೀಪಕ್ಕೆ ಬಳಸುವ 1 ಸ್ಕ್ವೇರ್ ಎಂಎಂ ವೈರನ್ನೇ ಎಳೆದಿದ್ದರೆ ಅದು ಕಾದು, ಮೇಲಿನ ಪಿವಿಸಿ ಕಂದುಗಟ್ಟಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಸಾಕೆಟ್ಟಿನ ಮೇಲ್ಗಡೆಯ ದೊಡ್ಡ ತೂತು ಅರ್ತಿಂಗಿನದು. ಅದರ ಹಿಂದೆ ಹಸಿರು ವೈರ್ ಬಿಗಿದಿರಬೇಕು. ಅದನ್ನು ಕತ್ತರಿಸಿ ಗೋಡೆಯ ಪೆಟ್ಟಿಗೆಯೊಳಗೆ ತುರುಕಿದ್ದರೆ ಆ ಫೋಟೊ ಒಂದೇ ಹತ್ತು ಮಾತಿಗೆ ಸಮ. ವೈರಿನ ಮೇಲೆ ಅಚ್ಚಾಗಿರುವ ಕಂಪನಿಯ ಹೆಸರು, ಅಳತೆ, ಐಎಸ್ 694 ಗುರುತು ಸಹ ಫೋಟೊದಲ್ಲಿ ಓದಲು ಬರುವಂತಿರಲಿ.

ಬಂದ ಗುತ್ತಿಗೆದಾರರ ಬಾಯಿಮಾತಿನ ಅಭಿಪ್ರಾಯ ಸಾಲದು. ಲೆಟರ್‌ಹೆಡ್ಡಿನಲ್ಲಿ, ಲೈಸೆನ್ಸ್ ಸಂಖ್ಯೆ ಹಾಕಿ ವರದಿ ಕೊಡಲು ಕೇಳಿ: ಕಂಡ ದೋಷ, ಮಾಡಿದ ಪರೀಕ್ಷೆ, ಸರಿಪಡಿಸಲು ತಗಲುವ ಖರ್ಚು. ಮೆಗ್ಗರ್ ಹಿಡಿದು 500 ವೋಲ್ಟಿನಲ್ಲಿ ಪರೀಕ್ಷಿಸಿದಾಗ ಇನ್ಸುಲೇಶನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ 30 ಮಿಲಿಆಂಪಿಯರಿನದೇ ಎಂದು ನೋಡಿಸಿ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಟ್ರಿಪ್ ಆಯಿತೆಂದ ಮಾತ್ರಕ್ಕೆ ಮನೆಯ ಅರ್ತಿಂಗ್ ಸರಿಯಿದೆ ಎಂದು ನಂಬಬೇಡಿ. ಆ ಗುಂಡಿ ಅರ್ತಿಂಗನ್ನು ಪರೀಕ್ಷಿಸುವುದೇ ಇಲ್ಲ. ಸುಟ್ಟ ಸಾಕೆಟ್, ವೈರಿನ ತುಂಡುಗಳನ್ನು ಕವರಿನಲ್ಲಿ ಹಾಕಿ ದಿನಾಂಕ ಬರೆದಿಡಿ.

ಈಗ ಕೆಲಸ ಮಾಡಿದವರಿಗೆ ಪತ್ರ. ಯಾರಿಗೆ ಹಣ ಕೊಟ್ಟಿರೋ ಅವರಿಗೇ ಬರೆಯಬೇಕು. ಮನೆಯನ್ನು ಒಟ್ಟಾಗಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದರೆ ಜವಾಬ್ದಾರಿ ಅವರದು. ಅವರ ಕೈಕೆಳಗೆ ದಿನಗೂಲಿಗೆ ಬಂದ ಹುಡುಗನ ಮೇಲೆ ಹರಿಹಾಯುವುದು ನ್ಯಾಯವಲ್ಲ. ದೋಷಗಳನ್ನು ಒಂದೊಂದಾಗಿ ಬರೆದು, ವರದಿಯ ಪ್ರತಿ ಲಗತ್ತಿಸಿ, ಸರಿಪಡಿಸಲು 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲೂ ಹಾಕಿ. ಬೈಗುಳ, ಬೆದರಿಕೆ ಬೇಡ. ದೂರು ಕೊಡುವ ಸಂದರ್ಭ ಬಂದರೆ ನಾಳೆ ಗ್ರಾಹಕರ ಆಯೋಗದವರು ಓದುವುದು ಇದೇ ಪತ್ರವನ್ನು. ಕೆಲಸ ಮಾಡಿದವರು ಬಂದು ರಿಪೇರಿ ಮಾಡಿಕೊಡುತ್ತೇನೆಂದರೆ ಒಪ್ಪಿಕೊಳ್ಳಿ, ಏನೇನು ಬದಲಿಸುತ್ತಾರೆ ಎಂದು ಬರೆಸಿಕೊಳ್ಳಿ. ಅಗ್ಗದ ವೈರನ್ನು ನೀವೇ ತಂದುಕೊಟ್ಟಿದ್ದರೆ ಅದರ ಬೆಲೆಯನ್ನು ಅವರಿಂದ ಕೇಳುವುದು ಸರಿಯಲ್ಲ.

ಗಡುವು ಕಳೆದರೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದು ರಾಜಿಗೆ ಯತ್ನಿಸುತ್ತದೆ, ತೀರ್ಪು ಕೊಡುವುದಿಲ್ಲ. ತೀರ್ಪು ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಕೀಲರು ಕಡ್ಡಾಯವಲ್ಲ. ಕೆಲಸಕ್ಕೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಬಿಲ್ ಇಲ್ಲವೆಂದು ಕೈಚೆಲ್ಲಬೇಡಿ. ಯುಪಿಐ ಪಾವತಿಯ ವಿವರ, ಬ್ಯಾಂಕ್ ಪಾಸ್‌ಬುಕ್, ‘ಇಷ್ಟು ಪಾಯಿಂಟ್, ಇಷ್ಟು ರೇಟ್’ ಎಂದು ಮಾತಾಡಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ನೆರವಿಗೆ ಬರುತ್ತವೆ. ಫೋನ್ ಬದಲಿಸುವಾಗ ಅವನ್ನು ಕಳೆದುಕೊಳ್ಳಬೇಡಿ.

ಬಿಲ್ಡರಿಂದ ಕೊಂಡ ಫ್ಲ್ಯಾಟ್ ಆಗಿದ್ದರೆ ಇನ್ನೊಂದು ಬಲವಾದ ದಾರಿಯಿದೆ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಪಡೆದ 5 ವರ್ಷದೊಳಗೆ ಕಾಮಗಾರಿಯ ದೋಷವನ್ನು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು.

ವರದಿ, ಫೋಟೊ ಕೈಗೆ ಬಂದು ಗಡುವೂ ಮುಗಿದಿದ್ದರೆ ತೀರ್ಪಿಗಾಗಿ ಕಾಯುತ್ತ ಕತ್ತಲಲ್ಲಿ ಕೂರಬೇಕಿಲ್ಲ. ರಿಪೇರಿ ಮಾಡಿಸಿ, ಅದರ ಬಿಲ್ಲನ್ನೂ ದೂರಿಗೆ ಸೇರಿಸಿ. ಆಯೋಗ ಕೊಡಿಸಿದ ಪರಿಹಾರವನ್ನು ಎದುರುದಾರರು ಕೊಡದೆ ಸತಾಯಿಸಿದರೆ ಅದೇ ಆಯೋಗಕ್ಕೆ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಇಲ್ಲವೇ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಅದಕ್ಕಿದೆ.